ಶ್ವಾನ ಪ್ರಯಾಣ ಪ್ರಸಂಗ

ಊರು ಬಿಟ್ಟು ಬಂದವರ ಸಾಮಾನಿನ ಪಟ್ಟಿಯಲ್ಲಿ ಏನೇನಿರುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಿನಕಾಯಿ ಜಾಡಿ, ಹುರಿಹಿಟ್ಟಿನ ಡಬ್ಬ, ದೇವರ ಪಟ, ನಮ್ಮ ತಿಪಟೂರಿನ ಕಡೆಯವರಾದರೆ ಒಂದು ಚೀಲ ಕೊಬ್ಬರಿ. ಇವೆಲ್ಲ ಬಸ್ಸಿನ ನೆತ್ತಿಯ ಮೇಲೋ ರೈಲಿನ ಸೀಟಿನ ಕೆಳಗೋ ಹೇಗೋ ಬಂದು ಸೇರುತ್ತವೆ. ವಯಸ್ಸಾದ ತಂದೆತಾಯಿಗಳೂ ಒಂದು ದಿನ ಬರುತ್ತಾರೆ. ಬಾರದೆ ಉಳಿಯುವವು ಮನೆ, ಬಾವಿ, ಹಿತ್ತಲ ಮರ. ಇವುಗಳ ಜೊತೆಗೆ ಅಂಗಳದಲ್ಲಿ ಮಲಗಿರುವ ನಾಯಿ. ಅದು ಮರದಂತೆ ನೆಲಕ್ಕೆ ಅಂಟಿಕೊಂಡದ್ದಲ್ಲ, ಕಾಲಿರುವ ಪ್ರಾಣಿ. ಆದರೂ ಅದನ್ನು ಜೊತೆಗೆ ಕರೆತರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ನಮಗೂ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವರು ನಮ್ಮ ತಂದೆಯವರು.

ಅವರಿಗೀಗ ಎಪ್ಪತ್ತೆಂಟು. ತಿಪಟೂರಿಗೆ ಸಮೀಪದ ಹಳ್ಳಿಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ಮೂರು ವರ್ಷ ಒಬ್ಬರೇ ಇದ್ದರು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಒಂಟಿಯಾಗಿ ಇರಕೂಡದೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು. ಡೊಂಬಿವಲಿಗೆ ಬರಲು ಅವರೇನೂ ಹಟ ಮಾಡಲಿಲ್ಲ. ಒಂದೇ ಮಾತು ಕೇಳಿದರು:

"ಕೆಂಚನ ಗತಿ ಏನಪ್ಪಾ?"

ಕೆಂಚ ಅಮ್ಮ ಸಾಕಿದ ನಾಯಿ. ಜಾತಿ ನಾಯಿಯಲ್ಲ, ಬೀದಿಯದೇ. ಮಳೆಯಲ್ಲಿ ತೊಯ್ದು ಬಂದ ಮರಿಗೆ ಅಮ್ಮ ರಾಗಿ ಅಂಬಲಿ ಹೊಯ್ದದ್ದು, ಅದು ಹತ್ತು ವರ್ಷ ಉಳಿದುಕೊಂಡದ್ದು, ಇಷ್ಟೇ ಅದರ ವಂಶಾವಳಿ. ಪಕ್ಕದ ಮನೆಯವರು ಒಳ್ಳೆಯವರು, ನೋಡಿಕೊಳ್ಳುತ್ತಾರೆ ಎಂದೆವು. ಅಪ್ಪ ಏನೂ ಹೇಳಲಿಲ್ಲ. ಪಕ್ಕದ ಮನೆಯಾಕೆಯೇ ಹೇಳಿದರು: ಅಪ್ಪ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನವೂ ಕೆಂಚ ಗೇಟಿನ ಬಳಿಯಿಂದ ಏಳಲಿಲ್ಲ, ಇಟ್ಟ ಅನ್ನ ಇಟ್ಟ ಹಾಗೇ ಇತ್ತು, ನೀರು ಮಾತ್ರ ಕುಡಿಯಿತು ಎಂದು. "ನಾನು ಇಟ್ಕೋತೀನಣ್ಣಾ, ಆದ್ರೆ ಅದು ಉಳಿಯಲ್ಲ" ಎಂದು ಆಕೆ ಅಂದಾಗ ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದರು. "ಅವಳು ಹೋದ್ಮೇಲೆ ಈ ಮನೇಲಿ ನನ್ನ ದನಿಗೆ ಎದ್ದು ಬರೋದು ಇದೊಂದೇ" ಎಂದರು. ಆ ಮೇಲೆ ನಾವು ಪಕ್ಕದ ಮನೆಯ ಮಾತೆತ್ತಲಿಲ್ಲ.

ಹೇಳಿ ಕೇಳಿ ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಕಷ್ಟ ಬಂದಾಗ ಕೆಲವರು ಹರಕೆ ಹೊರುತ್ತಾರೆ, ಕೆಲವರು ಜಗಳ ಮಾಡುತ್ತಾರೆ, ನಾವು ಕಡತ ತೆರೆಯುತ್ತೇವೆ. ಒಂದು ಹಳೆಯ ಫೈಲಿನ ಮೇಲೆ 'ಕೆಂಚ: ತಿಪಟೂರಿನಿಂದ ಡೊಂಬಿವಲಿ' ಎಂದು ಬರೆದು ಒಳಗೆ ಮೂರು ತಲೆಬರಹ ಹಾಕಿದೆವು: ವಿಮಾನ, ರೈಲು, ರಸ್ತೆ. ನಮ್ಮ ರಜಾ ಪ್ರಯಾಣ ರಿಯಾಯಿತಿಯ ನಿಯಮಗಳಲ್ಲಿ 'ಕುಟುಂಬ' ಎಂಬುದಕ್ಕೆ ವ್ಯಾಖ್ಯೆಯಿದೆ; ಹೆಂಡತಿ, ಮಕ್ಕಳು, ಆಶ್ರಿತ ತಂದೆತಾಯಿ ಎಲ್ಲರೂ ಬರುತ್ತಾರೆ. ಕೆಂಚ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಖರ್ಚು ನಮ್ಮದೇ ಎಂಬುದು ಮೊದಲ ಪುಟದಲ್ಲೇ ಇತ್ಯರ್ಥವಾಯಿತು.

ಮಕ್ಕಳ ಆಸೆಯೆಲ್ಲ ವಿಮಾನದ ಮೇಲೆ. ಬೆಂಗಳೂರಿನಿಂದ ಮುಂಬಯಿ ಒಂದೂಮುಕ್ಕಾಲು ಗಂಟೆ, ತಾತನಿಗೆ ಆಯಾಸವಾಗದು ಎಂದು ಅವರ ವಾದ. ನಿಯಮಗಳನ್ನು ಓದಿದೆವು. ನಮ್ಮ ದೇಶದ ಎಲ್ಲ ವಿಮಾನ ಕಂಪನಿಗಳದ್ದೂ ಒಂದೇ ಪದ್ಧತಿಯಲ್ಲ. ಇಂಡಿಗೋದವರು ಸಾಕುಪ್ರಾಣಿಗಳನ್ನು ಒಯ್ಯುವುದಿಲ್ಲ; ಅಂಗವಿಕಲರ ಸೇವೆಗೆ ತರಬೇತಾದ ನಾಯಿಗೆ ಮಾತ್ರ ಅವಕಾಶ. ಏರ್ ಇಂಡಿಯಾದವರು ಹಿಂದಿನಿಂದಲೂ ನಾಯಿ ಬೆಕ್ಕುಗಳನ್ನು ಒಯ್ಯುತ್ತಿದ್ದಾರೆ. 2022ರಲ್ಲಿ ಹಾರಾಟ ಶುರುಮಾಡಿದ ಆಕಾಸಾದವರು ಅದೇ ವರ್ಷ ನವೆಂಬರಿನಿಂದ ಒಯ್ಯತೊಡಗಿದರು. ಮೊದಲು ಪಂಜರವೂ ಸೇರಿ 7 ಕಿಲೋ ಮೀರದ ಪ್ರಾಣಿಗೆ ಪ್ರಯಾಣಿಕರ ಜೊತೆ ಜಾಗವಿತ್ತು, ಆಮೇಲೆ ಅದನ್ನು 10 ಕಿಲೋಗೆ ಏರಿಸಿದರು. ಏರ್ ಇಂಡಿಯಾದಲ್ಲಿ ಬಹುಕಾಲ 5 ಕಿಲೋ ಇದ್ದದ್ದೂ ಹೀಗೆಯೇ 10ಕ್ಕೆ ಏರಿದೆ. ಅದಕ್ಕಿಂತ ಭಾರವಾದರೆ ವಿಮಾನದ ಹೊಟ್ಟೆಯಲ್ಲಿ, ಸಾಮಾನಿನ ವಿಭಾಗದಲ್ಲಿ. ಮರಿಗೆ ಕನಿಷ್ಠ ಎಂಟು ವಾರ ವಯಸ್ಸಾಗಿರಬೇಕು, ರೇಬೀಸ್ ಲಸಿಕೆಯ ದಾಖಲೆ ಬೇಕು, ಪ್ರಯಾಣಕ್ಕೆ ಯೋಗ್ಯವೆಂದು ಪಶುವೈದ್ಯರ ಪತ್ರ ಬೇಕು. ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿಗಳೆಂಬ ಮಿತಿಯೂ ಇರುವುದರಿಂದ ಮುಂಚಿತವಾಗಿ ಕೇಳಿ ಒಪ್ಪಿಗೆ ಪಡೆಯಬೇಕು.

ಕೆಂಚನನ್ನು ಕೊಬ್ಬರಿ ಮಂಡಿಯ ತಕ್ಕಡಿಯಲ್ಲಿ ನಿಲ್ಲಿಸಿ ತೂಗಿಸಿದೆವು. 18 ಕಿಲೋ. ಅಲ್ಲಿಗೆ ಮೇಲಿನ ಆಸನದ ಆಸೆ ಹೋಯಿತು.

ಇನ್ನು ವಿಮಾನದ ಹೊಟ್ಟೆ. ಅಲ್ಲಿ ಗಾಳಿಯಿಲ್ಲ, ನಾಯಿ ಹೆಪ್ಪುಗಟ್ಟಿ ಸತ್ತೇ ಹೋಗುತ್ತದೆ ಎಂದು ನಮ್ಮ ಕಟ್ಟಡದಲ್ಲಿ ಒಬ್ಬರು ಹೆದರಿಸಿದರು. ಗುಮಾಸ್ತಗಿರಿಯಲ್ಲಿ ಇಪ್ಪತ್ತು ವರ್ಷ ತುಕ್ಕು ಹಿಡಿದಿದ್ದ ನಮ್ಮ ಬಿ.ಎಸ್ಸಿ. ಪದವಿಗೆ ಆಗ ಸ್ವಲ್ಪ ಕೆಲಸ ಬಂತು. 35,000 ಅಡಿ ಎತ್ತರದಲ್ಲಿ ಹೊರಗಿನ ಉಷ್ಣತೆ ಶೂನ್ಯಕ್ಕಿಂತ ಐವತ್ತು ಡಿಗ್ರಿ ಕೆಳಗಿರುತ್ತದೆ, ನಿಜ. ಆದರೆ ಪ್ರಯಾಣಿಕರ ವಿಮಾನದಲ್ಲಿ ಕೆಳಗಿನ ಸಾಮಾನಿನ ಕೋಣೆಯಲ್ಲೂ ಗಾಳಿಯ ಒತ್ತಡ ಮೇಲಿನಷ್ಟೇ ಇರುತ್ತದೆ. ಪ್ರಾಣಿಗಳನ್ನು ಇಡುವ ಭಾಗವನ್ನು ಬೆಚ್ಚಗಿಡುತ್ತಾರೆ. ಅಪಾಯ ಹೆಚ್ಚಾಗಿ ಇರುವುದು ಆಕಾಶದಲ್ಲಲ್ಲ, ನೆಲದ ಮೇಲೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ಡಾಂಬರಿನ ಪಕ್ಕ ಪಂಜರ ಕಾದು ನಿಲ್ಲಬೇಕು. ಮನುಷ್ಯನಂತೆ ನಾಯಿ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳುವುದು. 2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡುತ್ತಿದ್ದ ಪಗ್ ನಾಯಿ ನೆನಪಿದೆಯಷ್ಟೆ? ಆ ಬಗೆಯ ಚಪ್ಪಟೆ ಮೂಗಿನ ಜಾತಿಗಳಿಗೆ ಏದುಸಿರೂ ಸರಾಗವಾಗಿ ಬರುವುದಿಲ್ಲ. ಆದ್ದರಿಂದಲೇ ಅನೇಕ ಕಂಪನಿಗಳು ಅವುಗಳನ್ನು ಸಾಮಾನಿನ ವಿಭಾಗದಲ್ಲಿ ಸೇರಿಸುವುದೇ ಇಲ್ಲ. ನಿದ್ದೆಯ ಔಷಧಿ ಕೊಟ್ಟು ಕಳಿಸಿದರಾಯಿತು ಎಂದು ಕೆಲವರು ಸಲಹೆ ಕೊಟ್ಟರು. ಪಶುವೈದ್ಯರು ಖಂಡಿತ ಕೂಡದೆಂದರು. ಅದರಿಂದ ರಕ್ತದೊತ್ತಡ ಇಳಿಯುತ್ತದೆ, ಮೈಯ ಬಿಸಿಯನ್ನು ಹತೋಟಿಯಲ್ಲಿಡುವ ಶಕ್ತಿ ಕುಂದುತ್ತದೆ, ಅಲ್ಲಿ ನೋಡುವವರು ಯಾರೂ ಇರುವುದಿಲ್ಲ.

ಪಂಜರಕ್ಕೂ ಒಂದು ಗಣಿತವಿದೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದವರು ಜೀವಂತ ಪ್ರಾಣಿಗಳ ಸಾಗಣೆಗೆಂದೇ ನಿಯಮಾವಳಿ ಮಾಡಿದ್ದಾರೆ. ಪ್ರಾಣಿ ಅದರೊಳಗೆ ಸಹಜವಾಗಿ ನಿಲ್ಲಬೇಕು, ತಿರುಗಬೇಕು, ಮಲಗಬೇಕು. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪಂಜರದ ಉದ್ದ. ಭುಜದ ಅಗಲದ ಎರಡರಷ್ಟು ಪಂಜರದ ಅಗಲ. ನಿಂತಾಗ ತಲೆಯ ತುದಿ ಅಥವಾ ಕಿವಿಯ ತುದಿ, ಯಾವುದು ಮೇಲೋ ಅದು ಎತ್ತರ. ಅಪ್ಪ ಕೆಂಚನನ್ನು ಮಾತಾಡಿಸುತ್ತ ಹಿಡಿದುಕೊಂಡರು, ನಾವು ಟೇಪು ಹಿಡಿದೆವು. 76 ಸೆಂಟಿಮೀಟರ್ ಉದ್ದ, 32 ಮೊಣಕೈ, ಭುಜ 19, ಎತ್ತರ 62. ಅಂದರೆ 92 ಉದ್ದ, 38 ಅಗಲ, 62 ಎತ್ತರ. ಹತ್ತು ವರ್ಷ ಬಯಲಲ್ಲಿ ಬೆಳೆದು ಒಂದು ದಿನವೂ ಸರಪಳಿ ಕಾಣದ ಪ್ರಾಣಿ. ಅಳತೆಯ ಚೀಟಿಯನ್ನು ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಲೆಕ್ಕ ಸರಿಯಾಗಿದೆ" ಎಂದು ಹಿಂದಿರುಗಿಸಿದರು, ಅಷ್ಟೇ. ಮಾಸ್ತರರು ಲೆಕ್ಕ ಸರಿಯಾಗಿದೆ ಎಂದರೆ ಉತ್ತರ ಹಿಡಿಸಿತೆಂದು ಅರ್ಥವಲ್ಲ.

ಕೆಂಚನನ್ನು 'ಸೇವಾ ನಾಯಿ' ಎಂದು ತೋರಿಸಿಬಿಡಿ, ತಾತನಿಗೆ ಕೋಲಿದೆಯಲ್ಲ, ಎಂದು ಒಬ್ಬ ಜಾಣರು ಉಪಾಯ ಹೇಳಿಕೊಟ್ಟರು. ಇಂಥ ಜಾಣತನ ಅಮೆರಿಕದಲ್ಲಿ ಮೊದಲೇ ನಡೆದುಹೋಗಿದೆ. ಅಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ತರಬೇತು ಮಾಡುವ ಸಂಸ್ಥೆ 1929ರಲ್ಲೇ ಹುಟ್ಟಿತು. ಅಂಥ ನಾಯಿಗಳಿಗೆ ವಿಮಾನದಲ್ಲಿ ಯಜಮಾನನ ಕಾಲ ಬಳಿ ಪುಕ್ಕಟೆ ಜಾಗ. ಬರಬರುತ್ತಾ ಮನಸ್ಸಿಗೆ ಸಮಾಧಾನ ಕೊಡುವ ಪ್ರಾಣಿಯೆಂದು ಚೀಟಿ ತಂದು ಕಂಡ ಕಂಡ ಪ್ರಾಣಿಗಳನ್ನೆಲ್ಲ ಜನ ವಿಮಾನ ಹತ್ತಿಸಿದರು. ಕೊನೆಗೆ 2021ರ ಜನವರಿಯಿಂದ ಜಾರಿಗೆ ಬಂದ ನಿಯಮದಲ್ಲಿ, ಕೆಲಸಕ್ಕೆ ತರಬೇತಾದ ನಾಯಿ ಮಾತ್ರ ಸೇವಾ ಪ್ರಾಣಿ, ಉಳಿದದ್ದನ್ನು ಸಾಕುಪ್ರಾಣಿಯೆಂದೇ ಎಣಿಸಬಹುದು ಎಂದು ಸರ್ಕಾರ ಗೆರೆ ಎಳೆಯಿತು. ನಮ್ಮಲ್ಲೂ ಅಂಗವಿಕಲರ ಜೊತೆಗಿನ ತರಬೇತಾದ ನಾಯಿಗೆ ವಿಮಾನದಲ್ಲಿ ಅವಕಾಶವಿದೆ. ಅದು ಕಣ್ಣಿಲ್ಲದವರ ಕಣ್ಣು. ಆ ಜಾಗವನ್ನು ಸುಳ್ಳು ಚೀಟಿಯಿಂದ ತುಂಬಿದರೆ ನಾಳೆ ನಿಜವಾದವರನ್ನೂ ಅನುಮಾನದಿಂದ ನೋಡುತ್ತಾರೆ. ಅಪ್ಪನಿಗೆ ಈ ಉಪಾಯ ತಿಳಿಸಿದಾಗ, ಕೆಂಚ ತನಗೆ ಸೇವೆ ಮಾಡುತ್ತಿಲ್ಲ, ತಾನೇ ಅದಕ್ಕೆ ಮಾಡುತ್ತಿರುವುದು, ಎಂದು ನಕ್ಕುಬಿಟ್ಟರು.

ಆ ರಾತ್ರಿ ಅವರು ಎರಡು ಕಥೆ ಹೇಳಿದರು. ಒಂದು ಎಲ್ಲರಿಗೂ ಗೊತ್ತಿರುವುದೇ. ಮಹಾಪ್ರಸ್ಥಾನದಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಜೊತೆ ಉಳಿದದ್ದು ನಾಯಿ. ಇಂದ್ರ ರಥ ತಂದು ನಿಲ್ಲಿಸಿ, ನೀನು ಹತ್ತು, ನಾಯಿಗೆ ಜಾಗವಿಲ್ಲ ಎಂದ. ನಂಬಿ ಬಂದದ್ದನ್ನು ಬಿಟ್ಟು ಹತ್ತುವುದಿಲ್ಲವೆಂದ ಧರ್ಮರಾಯ. ನಾಯಿಯ ವಿಷಯದಲ್ಲಿ ವಿಮಾನದ ನಿಯಮ ಅಷ್ಟು ಹಳೆಯದು ಎಂದು ಅಪ್ಪನ ಟಿಪ್ಪಣಿ.

ಇನ್ನೊಂದು ಅವರು ತರಗತಿಯಲ್ಲಿ ಹೇಳುತ್ತಿದ್ದ ಆತಕೂರಿನ ಶಾಸನದ ಕಥೆ. ಕ್ರಿ.ಶ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ಮೇಲೆ ಹೋರಾಡಿದ. ಅವನ ಕಡೆಯ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಮಣಲೇರ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಯ ಮೇಲೆ ಎರಗುತ್ತಿರುವ ಚಿತ್ರ ಅದರ ಮೇಲಿದೆ. ಸಾವಿರ ವರ್ಷದ ಹಿಂದಿನ ಕನ್ನಡಿಗನೊಬ್ಬ ನಾಯಿಗಾಗಿ ಕಲ್ಲು ನೆಟ್ಟ, ನಾವು ಒಂದು ಟಿಕೆಟ್ಟು ತೆಗೆಸಲಾರೆವೇ ಎಂದು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ನಮಗೆ ಕೇಳಿಸಿತು.

ವಿಮಾನದ ಪುಟ ಮುಚ್ಚಿ ರೈಲಿನ ಪುಟ ತೆರೆದೆವು.

ರೈಲ್ವೆಯವರ ನಿಯಮ ಹೀಗಿದೆ. ಸೆಕೆಂಡ್ ಕ್ಲಾಸ್, ಸ್ಲೀಪರ್, ಎಸಿ ಟೂ ಟಿಯರ್, ಥ್ರೀ ಟಿಯರ್, ಚೇರ್ ಕಾರ್, ಇವುಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಗಾರ್ಡಿನ ಡಬ್ಬಿಯಲ್ಲಿ ನಾಯಿಗೆಂದೇ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಬುಕ್ ಮಾಡಿ ಕಳಿಸಬಹುದು; ಊಟ ನೀರಿನ ಜವಾಬ್ದಾರಿ ಯಜಮಾನನದು, ಗಾಡಿ ನಿಂತಾಗ ಓಡಿಹೋಗಿ ನೋಡಿಕೊಂಡು ಬರಬೇಕು. ಜೊತೆಯಲ್ಲೇ ಕರೆದೊಯ್ಯಬೇಕಾದರೆ ಫಸ್ಟ್ ಎಸಿ ಅಥವಾ ಫಸ್ಟ್ ಕ್ಲಾಸ್‌ನಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಇಡಿಯಾಗಿ ನಮ್ಮದಾಗಿಸಿಕೊಳ್ಳಬೇಕು. ನಾಯಿಗೆ ಬರ್ತಿಲ್ಲ, ಟಿಕೆಟ್ಟೂ ಇಲ್ಲ. ಪಾರ್ಸೆಲ್ ಆಫೀಸಿನಲ್ಲಿ ಸಾಮಾನಿನ ದರದಂತೆ ಹಣ ಕಟ್ಟಿ ರಸೀದಿ ಪಡೆಯಬೇಕು. ಬುಕ್ ಮಾಡದೆ ಸಿಕ್ಕಿಬಿದ್ದರೆ ದರದ ಆರು ಪಟ್ಟು ದಂಡ.

ಕೇಳಲು ಸುಲಭ. ತೊಡಕಿರುವುದು ಇಲ್ಲಿ: ಫಸ್ಟ್ ಎಸಿ ಟಿಕೆಟ್ಟು ತೆಗೆಯುವಾಗ ಬರ್ತಿನ ಸಂಖ್ಯೆ ಕೊಡುವುದಿಲ್ಲ. ಕೂಪೆಯೋ ಕ್ಯಾಬಿನ್ನೋ ಎಂಬುದು ಚಾರ್ಟ್ ತಯಾರಾದಾಗಲೇ ತಿಳಿಯುವುದು. ಕೂಪೆ ಬೇಕೆಂದು ಅರ್ಜಿ ಕೊಡಬಹುದು, ಕೊಟ್ಟೇ ತೀರುತ್ತಾರೆಂಬ ಭರವಸೆಯಿಲ್ಲ. ಅಪರಿಚಿತರ ಜೊತೆ ಕ್ಯಾಬಿನ್ ಬಂದರೆ ಕೆಂಚ ಹೋಗುವಂತಿಲ್ಲ. ನಮ್ಮ ದರ್ಜೆಯ ನೌಕರರಿಗೆ ಸರ್ಕಾರಿ ಲೆಕ್ಕದಲ್ಲೂ ಫಸ್ಟ್ ಎಸಿಯ ಹಕ್ಕಿಲ್ಲ. ಹುಟ್ಟಿದಾಗಿನಿಂದ ಆ ಡಬ್ಬಿಯ ಮೆಟ್ಟಿಲು ಹತ್ತಿದವರಲ್ಲ ನಾವು. ಅಪ್ಪನಿಗೊಂದು, ನಮಗೊಂದು ಎರಡು ಟಿಕೆಟ್ಟು ಒಂದೇ ಅರ್ಜಿಯಲ್ಲಿ ತೆಗೆದೆವು. ನಮ್ಮಾಕೆ ಎಂದೂ ಹಣದ ಮಾತಾಡದವಳು, ಆ ದಿನ ಮಾತ್ರ, "ರೀ, ಇದರಲ್ಲಿ ಒಂದು ಫ್ರಿಜ್ಜು ಬರ್ತಿತ್ತು" ಎಂದಳು. ಆಮೇಲೆ ತಾನೇ, "ಇರಲಿ ಬಿಡಿ, ಹಳೇದು ಇನ್ನೂ ಓಡ್ತಿದೆ" ಎಂದು ಸೇರಿಸಿದಳು.

ರಸ್ತೆಯ ಪುಟವನ್ನೂ ಖಾಲಿ ಬಿಡಲಿಲ್ಲ. ಕೂಪೆ ಸಿಗದಿದ್ದರೆ ಬೆಂಗಳೂರಿನಿಂದಲೇ ಬಾಡಿಗೆ ಕಾರು, ಸುಮಾರು ಸಾವಿರ ಕಿಲೋಮೀಟರ್, ನಡುವೆ ಒಂದು ರಾತ್ರಿ ತಂಗಬೇಕು. ಸೊಂಟಕ್ಕೆ ಕಬ್ಬಿಣ ಕೂರಿಸಿಕೊಂಡ ಎಪ್ಪತ್ತೆಂಟರ ಮುದುಕರಿಗೆ ಅದು ಆಗುವ ಮಾತಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೂ ಚಾಲಕನ ಫೋನ್ ನಂಬರು ಜೇಬಿನಲ್ಲಿತ್ತು.

ಹೊರಡುವ ಮುನ್ನಾದಿನ ಪಶುವೈದ್ಯರ ಪತ್ರ ತೆಗೆದುಕೊಂಡೆವು. ತಿಪಟೂರಿನಿಂದ ಬೆಂಗಳೂರಿಗೆ ಕಾರು. ಸ್ಟೇಷನ್ ಹತ್ತಿರ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಚಾರ್ಟಿಗಾಗಿ ಕಾದೆವು. ಅಪ್ಪ ಹಿಂದಿನ ಸೀಟಿನಲ್ಲಿ, ಅವರ ತೊಡೆಯ ಮೇಲೆ ಕೆಂಚನ ತಲೆ. "ಸಿಗದಿದ್ರೆ ನನ್ನ ವಾಪಸ್ಸು ಬಿಟ್ಬಿಡು" ಎಂದು ಎರಡು ಬಾರಿ ಹೇಳಿದರು. ಅದು ಬೆದರಿಕೆಯಲ್ಲ, ಹಟವೂ ಅಲ್ಲ. ಎಲ್ಲ ಲೆಕ್ಕವನ್ನೂ ಮಾಡಿ ಮುಗಿಸಿದವರ ಮಾತು. ಸಿಗದೇ ಹೋಗಿದ್ದರೆ ಏನು ಮಾಡುತ್ತಿದ್ದೆವೋ ಇಂದಿಗೂ ಉತ್ತರ ಹೊಳೆಯುವುದಿಲ್ಲ. ಕೊನೆಗೆ ಮೊಬೈಲಿನಲ್ಲಿ ಸಂದೇಶ ಬಂತು. ಎರಡೂ ಬರ್ತು ಒಂದೇ ಕೂಪೆಯಲ್ಲಿ.

ಪಾರ್ಸೆಲ್ ಆಫೀಸಿನ ಗುಮಾಸ್ತರು ನಮ್ಮದೇ ಕುಲದವರು. ಟಿಕೆಟ್ಟು, ಗುರುತಿನ ಚೀಟಿ, ಲಸಿಕೆ ಪುಸ್ತಕ, ವೈದ್ಯರ ಪತ್ರ ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಕೊಟ್ಟಾಗ ಅವರ ಮುಖ ಅರಳಿತು. ಜಾತಿ ಎಂಬ ಕಡೆ ಪೆನ್ನು ನಿಲ್ಲಿಸಿ ಕೆಂಚನನ್ನು ನೋಡಿದರು. "ನಾಟಿ" ಎಂದರು ಅಪ್ಪ. ಅವರು ಹಾಗೆಯೇ ಬರೆದುಕೊಂಡರು.

ಇಡೀ ರಾತ್ರಿ ಕೆಂಚ ಕೆಳಗಿನ ಬರ್ತಿನ ಅಂಚಿಗೆ ಬೆನ್ನು ಕೊಟ್ಟು ಕೂತಿತ್ತು, ಮಲಗಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ಅಪ್ಪನ ಕೈ ಕೆಳಗೆ ಇಳಿದು ಅದರ ಕಿವಿ ಮುಟ್ಟುತ್ತಿತ್ತು. ದೊಡ್ಡ ಸ್ಟೇಷನ್ನುಗಳಲ್ಲಿ ನಾವು ಇಳಿಸಿ ಎರಡು ಹೆಜ್ಜೆ ಓಡಾಡಿಸಿದೆವು. ಮರುದಿನ ಕಲ್ಯಾಣದಲ್ಲಿ ಇಳಿದಾಗ ಅಷ್ಟು ಜನವನ್ನು, ಅಷ್ಟು ಲೋಕಲ್ ಗಾಡಿಗಳ ಸದ್ದನ್ನು ಕಂಡು ನಡುಗಿತು, ಆದರೆ ಬೊಗಳಲಿಲ್ಲ. ಅಪ್ಪನೂ ಹಾಗೆಯೇ ಕೋಲು ಗಟ್ಟಿಯಾಗಿ ಹಿಡಿದು ನಿಂತಿದ್ದರು. ಅಲ್ಲಿಂದ ಆಟೋದಲ್ಲಿ ಡೊಂಬಿವಲಿ.

ನಮ್ಮ ಸೊಸೈಟಿಯಲ್ಲಿ ಆಕ್ಷೇಪ ಬರಬಹುದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯವರು 2015ರಲ್ಲಿ ಹೊರಡಿಸಿದ ಸೂಚನೆಗಳ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡಿದ್ದೆವು. ವಸತಿ ಸಂಘಗಳು ಸಾಕುಪ್ರಾಣಿ ಇಡಕೂಡದೆಂದು ನಿಷೇಧ ಹೇರುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತೆಯೂ ಇಲ್ಲ ಎಂದು ಅದರಲ್ಲಿದೆ. ತೆಗೆಯುವ ಪ್ರಸಂಗ ಬರಲಿಲ್ಲ. ಎದುರು ಮನೆಯ ಆಜಿ ಬಾಗಿಲು ತೆರೆದು, "ಚಾವತೋ ಕಾ?" ಎಂದು ಕೇಳಿದರು. ಅಪ್ಪನಿಗೆ ಮರಾಠಿ ಬಾರದು. ಕಚ್ಚುತ್ತದೆಯೇ ಎಂದು ಕೇಳುತ್ತಿದ್ದಾರೆ ಎಂದೆವು. ಅಪ್ಪ ಕೆಂಚನ ಬಾಯಿ ಬಿಡಿಸಿ ಸವೆದ ಹಲ್ಲು ತೋರಿಸಿದರು. ಆಜಿಯೂ ನಕ್ಕು ತಮ್ಮ ಬಾಯಿ ತೋರಿಸಿದರು.

ಈ ಕಡತ ಮುಚ್ಚುವ ಮುನ್ನ ಓದುಗರಿಗೆ ಒಂದೆರಡು ಮಾತು. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿಯ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ಹಾರಾಟ ಶುರುವಾಗಿರುವುದರಿಂದ ಡೊಂಬಿವಲಿ, ಕಲ್ಯಾಣದವರಿಗೆ ವಿಮಾನ ಹತ್ತಿರ ಬಂದಿದೆ. ಬೆಕ್ಕೋ ಚಿಕ್ಕ ನಾಯಿಯೋ ಇರುವವರು ಟಿಕೆಟ್ಟು ತೆಗೆಯುವ ಮೊದಲೇ ಕಂಪನಿಯ ಇಂದಿನ ನಿಯಮ ಕೇಳಿಕೊಳ್ಳಿ; ತೂಕದ ಮಿತಿ ಬದಲಾಗುತ್ತಿರುತ್ತದೆ. ಮಕ್ಕಳು ಹೊರದೇಶದಲ್ಲಿರುವವರು ಇನ್ನೂ ಮುಂಚೆ ಎಚ್ಚೆತ್ತುಕೊಳ್ಳಬೇಕು. ಯೂರೋಪಿಗಾದರೆ ಮೈಕ್ರೋಚಿಪ್, ರೇಬೀಸ್ ಲಸಿಕೆ, ರಕ್ತಪರೀಕ್ಷೆ, ಆ ಬಳಿಕ ಮೂರು ತಿಂಗಳ ಕಾಯುವಿಕೆ. ಅಮೆರಿಕದಲ್ಲಿ 2024ರ ಆಗಸ್ಟ್‌ನಿಂದ ಆರು ತಿಂಗಳು ತುಂಬದ ನಾಯಿಗೆ, ಮೈಕ್ರೋಚಿಪ್ ಇಲ್ಲದ ನಾಯಿಗೆ ಪ್ರವೇಶವಿಲ್ಲ. ಇವೆಲ್ಲ ಕ್ರೌರ್ಯದಿಂದ ಮಾಡಿದ ನಿಯಮಗಳಲ್ಲ. ರೇಬೀಸ್ ಒಮ್ಮೆ ತಲೆಗೇರಿದರೆ ಮದ್ದಿಲ್ಲ. ಅದಿಲ್ಲದ ದೇಶಗಳು ಬಾಗಿಲು ಕಾಯುವುದು ಸಹಜ. ಹಾಗೆಂದು ನಿಯಮಗಳು ಕಲ್ಲಿನ ಮೇಲೆ ಕೆತ್ತಿದವೂ ಅಲ್ಲ. 2022ರಲ್ಲಿ ಯುಕ್ರೇನಿನ ಯುದ್ಧದಿಂದ ತಪ್ಪಿಸಿಕೊಂಡು ಬರುತ್ತಿದ್ದ ನಮ್ಮ ವಿದ್ಯಾರ್ಥಿಗಳು ತಮ್ಮ ನಾಯಿ ಬೆಕ್ಕುಗಳನ್ನು ಬಿಟ್ಟು ಬರಲೊಲ್ಲೆವೆಂದಾಗ, ನಮ್ಮ ಸರ್ಕಾರವೇ ಕಾಗದಪತ್ರಗಳನ್ನು ಸಡಿಲಿಸಿ ಅವನ್ನೂ ಬರಮಾಡಿಕೊಂಡಿತು.

ಬೆಳಿಗ್ಗೆ ಆರಕ್ಕೆ, ಲೋಕಲ್ ಹಿಡಿಯುವವರ ಓಟ ಜೋರಾಗುವ ಮೊದಲು, ಅಪ್ಪನೂ ಕೆಂಚನೂ ಕೆಳಗಿಳಿದು ಗಲ್ಲಿಯ ತುದಿಯ ಹಾಲಿನ ಅಂಗಡಿಯವರೆಗೆ ಹೋಗಿ ಬರುತ್ತಾರೆ. ಇಬ್ಬರಿಗೂ ಒಂದೇ ನಡಿಗೆ. ಮೊದಮೊದಲು ಅಪ್ಪ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಈಗ ನಾಯಿಯ ಹೆಸರು ಕೇಳಿದವರೆಲ್ಲ ಅವರಿಗೆ ಪರಿಚಯ. ಕೆಂಚನ ಲಸಿಕೆ ಪುಸ್ತಕವನ್ನು ಅಪ್ಪನ ಔಷಧಿ ಚೀಟಿಗಳ ಜೊತೆ ಒಂದೇ ಕಡತದಲ್ಲಿ ಇಟ್ಟಿದ್ದೇವೆ. ಮುಂದಿನ ಚುಚ್ಚುಮದ್ದು ಮಾರ್ಚಿನಲ್ಲಿ. ಅಪ್ಪನಿಗೆ ಎಕ್ಸ್‌ರೇ ತೆಗೆಸಬೇಕಾದದ್ದೂ ಆಗಲೇ.